ನಟ್ಟಿನ ಕಿವಿ ಕತ್ತರಿಸಿದ ವರ್ಷ

ಈಚೆಗೆ ನಾನು ಚಕ್ರ ಎಣಿಸತೊಡಗಿದ್ದೇನೆ. ರಸ್ತೆಯಲ್ಲಿ ಯಾವ ಕಾರು ಬಂದರೂ ಕಣ್ಣು ಮೊದಲು ಕೆಳಗೆ ಹೋಗುತ್ತದೆ. ಈ ಬದಿಯ ಎರಡು ಕಾಣಿಸುತ್ತವೆ. ಆ ಬದಿಯ ಎರಡನ್ನು ನಂಬಿಕೆಗೆ ಬಿಡಬೇಕು. ಇಷ್ಟು ದಿನ ಜಗತ್ತೆಲ್ಲ ಹೀಗೆಯೇ ಅರ್ಧ ಕಂಡು ಅರ್ಧ ನಂಬಿ ನಡೆಯುತ್ತಿತ್ತು, ಅದರ ಜೊತೆ ನಾನೂ ನಡೆಯುತ್ತಿದ್ದೆ. ಈಗ ಆಗುತ್ತಿಲ್ಲ. ಸೂಪರ್‌ಮಾರ್ಕೆಟ್ಟಿನ ತಳ್ಳುಗಾಡಿಯ ಮುಂದಿನ ಚಕ್ರ ಎಲ್ಲ ಊರುಗಳಲ್ಲೂ ಲಟಲಟ ಅನ್ನುತ್ತದೆ. ಅದಕ್ಕೆ ಯಾರೂ ಹೆದರಿದ್ದನ್ನು ನಾನು ಕಂಡಿಲ್ಲ. ನಾನು ಮಾತ್ರ ಹಾಲು, ಆಲೂಗಡ್ಡೆಗಳ ನಡುವೆ ಗಾಡಿ ನಿಲ್ಲಿಸಿ, ಬಗ್ಗಿ, ಚಕ್ರವನ್ನು ಅಲ್ಲಾಡಿಸಿ ನೋಡುತ್ತೇನೆ. ಹೆಂಡತಿ ಶೈಲಾ ಬೇರೆ ಯಾರದೋ ಹೆಂಡತಿಯಂತೆ ಮೊಸರಿನ ಕಡೆಗೆ ನಡೆದುಬಿಡುತ್ತಾಳೆ.

ಕಾರಣ ಮೊದಲೇ ಹೇಳಿಬಿಡುತ್ತೇನೆ. ಮೇ ತಿಂಗಳ ಕೊನೆಯ ಒಂದು ಶನಿವಾರ, ನನ್ನ ಕಣ್ಣೆದುರಿಗೇ, ಒಂದು ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಹಿಂದಿನ ಎಡ ಚಕ್ರ ಕಳಚಿಹೋಯಿತು. ಓಡಿಸುತ್ತಿದ್ದವರು ಇಲ್ಲಿ ಸ್ವೀಡನ್ನಿನಲ್ಲಿ ನಮ್ಮ ನೆರೆಯವರಾದ ಲೆನ್ನಾರ್ಟ್, ಎಪ್ಪತ್ತೆಂಟು ವರ್ಷದವರು. ಪಕ್ಕದಲ್ಲಿ ಕೂತಿದ್ದವಳು ನನ್ನ ಮಗಳು ಅನಘಾ. ಹಿಂದಿನ ಕಾರಿನಲ್ಲಿ ನಾನು. ಯಾರಿಗೂ ಏನೂ ಆಗಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಚಕ್ರ ಬಿಗಿಮಾಡುವುದನ್ನು ತಾನೇ ಮರೆತೆ, ಅಪ್ಪನಿಗೆ ಬಂದ ಮರೆವಿನ ಕಾಯಿಲೆ ತನಗೂ ಬಂತು ಎಂದು ಲೆನ್ನಾರ್ಟ್ ಅಂದಿನಿಂದ ನಂಬಿಕೊಂಡರು. ಆ ಚಕ್ರವನ್ನು ಬಿಗಿಮಾಡಬೇಕಾಗಿದ್ದವನು ನಾನು. ನಾನು ಬಿಗಿಮಾಡಲಿಲ್ಲ ಎಂಬುದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಎಂಟು ವಾರ ನಾನು ಅದನ್ನು ಹಾಗೆಯೇ ಇರಲು ಬಿಟ್ಟೆ.

ಇನ್ನು ಕಾರಿನ ವಿಷಯ. ಕಂಪನಿಯ ಹೆಸರು ಬೇಡ, ತಪ್ಪು ಅದರದಲ್ಲ. ಕಡುಹಸಿರು ಬಣ್ಣ, ಇಬ್ಬರಿಗೆ ಮಾತ್ರ ಜಾಗ, ತೆರೆದ ಮಾಡು. ಕೂತರೆ ನೆಲಕ್ಕೂ ನಮಗೂ ನಡುವೆ ಒಂದು ಮಣೆಯಷ್ಟು ಅಂತರ. ಬ್ರಿಟಿಷರು ಈ ಕಾರನ್ನು ಒಮ್ಮೆ ಮಾಡಿ ಸುಮ್ಮನಾಗಲಿಲ್ಲ. ಹದಿನೆಂಟು ವರ್ಷ ಅದೇ ಕಾರನ್ನು ಮಾಡಿದರು, ಪ್ರತಿ ವರ್ಷವೂ ಎಲ್ಲಾದರೊಂದು ಕಡೆ ಕೈಯಾಡಿಸಿದರು. ಸಾರಿನ ಪಾತ್ರೆಯ ಮುಂದೆ ನಿಂತವರು ಒಂದು ಚಿಟಿಕೆ ಉಪ್ಪು, ಒಂದು ಚೂರು ಬೆಲ್ಲ ಎಂದು ಸೇರಿಸುತ್ತಲೇ ಹೋಗುವ ಹಾಗೆ. ಮೊದಲ ವರ್ಷಗಳಲ್ಲಿ ಬಾಗಿಲಿಗೆ ಎಳೆಯುವ ಹಿಡಿಕೆ. ಆಮೇಲೆ ಒತ್ತುವ ಗುಂಡಿ. ಮೊದಲು ಎಂಜಿನ್ನಿನ ಮುಖ್ಯ ದಂಡವನ್ನು ಮೂರು ಕಡೆ ಹಿಡಿದಿದ್ದರು. ಆಮೇಲೆ ಐದು ಕಡೆ. ಮೊದಲು ಕಾರು ಪೂರ್ತಿ ನಿಂತರೆ ಮಾತ್ರ ಒಂದನೇ ಗೇರು ಬೀಳುತ್ತಿತ್ತು. ಆಮೇಲೆ ಉರುಳುತ್ತಲೇ ಹಾಕಬಹುದಾಯಿತು. ಬ್ಯಾಟರಿಯ ಧನ ತುದಿಯನ್ನು ಮೈಗೆ ಜೋಡಿಸುತ್ತಿದ್ದವರು ಒಂದು ವರ್ಷ ಇದ್ದಕ್ಕಿದ್ದಂತೆ ಋಣ ತುದಿಯನ್ನು ಜೋಡಿಸಿದರು. ಮುಂದಿನ ಜಾಲರಿ ಬದಲಿಸಿ ಕಪ್ಪು ಬಳಿದರು. ಅಭಿಮಾನಿಗಳು ಗೊಣಗಿದ ಮೇಲೆ, ತಾವು ಬದಲಿಸಿಯೇ ಇರಲಿಲ್ಲ ಎಂಬಂತೆ, ಕೆಲವು ವರ್ಷಗಳಲ್ಲಿ ಮತ್ತೆ ಹೊಳಪು ತಂದರು. ಕೊನೆಗೆ ಅಮೆರಿಕದ ಕಾನೂನಿಗೆ ಹೆದರಿ ಮೂತಿಗೆ ರಬ್ಬರಿನ ದಪ್ಪ ಬಂಪರು ಕಟ್ಟಿದರು, ಇಡೀ ಮೈಯನ್ನು ಮೇಲೆತ್ತಿದರು. ಸೀರೆ ಎತ್ತಿಕಟ್ಟಿ ಕೆಸರು ದಾಟುವವರಂತೆ ಕಾಣುತ್ತದೆ ಆ ಮಾದರಿ. ಲೆನ್ನಾರ್ಟ್ ಅದನ್ನು ಕಾರು ಎಂದು ಕರೆಯುವುದಿಲ್ಲ. "ದೋಣಿ" ಎನ್ನುತ್ತಾರೆ.

ಇದೆಲ್ಲ ಅವರ ಗ್ಯಾರೇಜಿನ ಗೋಡೆಯ ಮೇಲೆ ಅವರದೇ ಅಕ್ಷರದಲ್ಲಿ, ವರ್ಷಕ್ಕೊಂದು ಸಾಲಿನಂತೆ, ಬರೆದಿದೆ. ಇದರಲ್ಲಿ ಒಂದು ತೊಡಕೂ ಇದೆ. ಕಾರ್ಖಾನೆಯ ಯುಗಾದಿ ಜನವರಿಯಲ್ಲಿ ಬರುವುದಿಲ್ಲ, ಶರತ್ಕಾಲದಲ್ಲಿ ಬರುತ್ತದೆ. ಅದೂ ಒಂದೇ ದಿನವಲ್ಲ. ಹಳೆಯ ಸಾಮಾನು ಮುಗಿದ ಮೇಲೆ ಹೊಸದು. ಲೆನ್ನಾರ್ಟ್ ಅವರ ಕಾರು ಅರವತ್ತೇಳರ ಆ ಸಂಧಿಕಾಲದ ಕೂಸು. ಗೇರುಪೆಟ್ಟಿಗೆ ಹೊಸ ವರ್ಷದ್ದು, ಇನ್ನು ಕೆಲವು ಹಳೆಯ ವರ್ಷದ್ದು. ಸ್ವೀಡನ್ನಿನ ಸರ್ಕಾರಿ ದಾಖಲೆ ಮಾತ್ರ ಎಲ್ಲವೂ ಅರವತ್ತೆಂಟರದೇ ಎನ್ನುತ್ತದೆ. ಅದೇ ಅರವತ್ತೇಳರ ಸೆಪ್ಟೆಂಬರಿನ ಒಂದು ಭಾನುವಾರ ಬೆಳಿಗ್ಗೆ ಸ್ವೀಡನ್ ದೇಶವೂ ರಸ್ತೆಯ ಎಡದಿಂದ ಬಲಕ್ಕೆ ಸರಿಯಿತು. ಅಲ್ಲಿಯವರೆಗೆ ಇಲ್ಲಿಯವರೂ ನಮ್ಮಂತೆ ಎಡಗಡೆಯೇ ಓಡಿಸುತ್ತಿದ್ದರು. ಇಡೀ ದೇಶ ನಿಂತು, ಪಕ್ಕಕ್ಕೆ ಸರಿದು, ಮತ್ತೆ ಹೊರಟಿತು. ನಾನು ದಾವಣಗೆರೆಯಿಂದ ಬಂದವನು. ನಮ್ಮಲ್ಲಿ ಹೀಗೆ ಮಾಡಿದ್ದರೆ ಒಂದು ವಾರ ಎರಡೂ ಕಡೆ ಓಡಿಸಿ ನೋಡಿ, ಯಾವುದು ವಾಸಿ ಎಂದು ತೀರ್ಮಾನಿಸುತ್ತಿದ್ದೆವು.

ಈ ಕಥೆಗೆ ಬೇಕಾದ ಬದಲಾವಣೆ ಚಕ್ರದ ನಟ್ಟಿನದು. ಈ ಕಾರಿನ ಚಕ್ರಕ್ಕೆ ನಾಲ್ಕೈದು ನಟ್ಟುಗಳಿಲ್ಲ. ನಟ್ಟನಡುವೆ ಒಂದೇ ಒಂದು ದೊಡ್ಡ ನಟ್ಟು. ಹಳೆಯ ಮಾದರಿಯಲ್ಲಿ ಅದಕ್ಕೆ ಎರಡು ಕಿವಿಗಳಿದ್ದವು. ತಾಮ್ರದ ಸುತ್ತಿಗೆಯಿಂದ ಕಿವಿಗೆ ಟಂಗ್ ಟಂಗ್ ಎಂದು ಹೊಡೆದರೆ ಬಿಗಿಯಾಗುತ್ತಿತ್ತು. ಹೊಡೆದ ಗುರುತು ಕಿವಿಯ ಮೇಲೆ ಉಳಿಯುತ್ತಿತ್ತು. ಆ ಕಿವಿಗಳು ದಾರಿಹೋಕರಿಗೆ ತಗಲುತ್ತವೆ ಎಂದು ಕೆಲವು ದೇಶಗಳು ತಕರಾರು ತೆಗೆದವು. ಒಂದು ವರ್ಷ ಕಿವಿ ಕತ್ತರಿಸಿ ಎಂಟು ಮೂಲೆಯ ನುಣ್ಣನೆಯ ನಟ್ಟು ಬಂತು. ಅದಕ್ಕೊಂದು ದಪ್ಪ ಬಳೆಯಂಥ ಪಾನಾ ಸಿಕ್ಕಿಸಿ, ಆ ಪಾನಾಕ್ಕೆ ಹೊಡೆಯಬೇಕು. ದಾರಿಹೋಕರ ಮೊಣಕಾಲು ಉಳಿಯಿತು. ಲೆನ್ನಾರ್ಟ್ ಅವರ ಕಾರಿಗಿರುವುದೂ ಇದೇ ನಟ್ಟು. ಆದರೆ ಇದನ್ನು ನೋಡಿದರೆ ಬಿಗಿಯಾಗಿದೆಯೋ, ಸುಮ್ಮನೆ ಕೈಯಿಂದ ತಿರುಗಿಸಿಟ್ಟಿದೆಯೋ ತಿಳಿಯುವುದಿಲ್ಲ. ಕಾರು ಮುಂದೆ ಓಡಿದಂತೆ ನಟ್ಟು ತಾನೇ ಬಿಗಿಯಾಗುತ್ತದೆ ಎಂದು ಪುಸ್ತಕ ಹೇಳುತ್ತದೆ. ಮೊದಲೇ ಬಿಗಿಯಾಗಿ ಕೂತಿದ್ದರೆ ಮಾತ್ರ ಎಂಬುದನ್ನು ಪುಸ್ತಕ ಹೇಳುವುದಿಲ್ಲ. ಅಷ್ಟು ಗೊತ್ತಿಲ್ಲದವನು ಪುಸ್ತಕ ಓದುತ್ತಾನೆಂದು ಬರೆದವರು ಎಣಿಸಿರಲಿಲ್ಲ.

ಆ ಗೋಡೆಯ ಪಟ್ಟಿಯನ್ನು ನಾನು ಎಷ್ಟೋ ಸಲ ಓದಿದ್ದೇನೆ. ಏನು ಬದಲಾಯಿತು ಎಂದಿದೆ, ಯಾಕೆ ಎಂದಿಲ್ಲ. ಈಗ ನನಗೆ ಪ್ರತಿ ಸಾಲಿನ ಹಿಂದೆಯೂ ಒಬ್ಬ ಹೆದರಿದ ಮನುಷ್ಯ ಕಾಣಿಸುತ್ತಾನೆ. ಕಿವಿ ಕತ್ತರಿಸಿದ ಸಾಲಿನ ಹಿಂದೆ ಯಾವುದೋ ಬೀದಿಯ ಯಾರದೋ ಕಾಲು. ಡ್ಯಾಶ್‌ಬೋರ್ಡಿಗೆ ಮೆತ್ತೆ ಬಂದ ಸಾಲಿನ ಹಿಂದೆ ಯಾರದೋ ಹಣೆ. ಹೆಸರು ಬಿಟ್ಟು, ನೋವು ಬಿಟ್ಟು, ಪರಿಹಾರವನ್ನಷ್ಟೇ ದಾಖಲು ಮಾಡಿದ್ದಾರೆ. ಮನುಷ್ಯರೂ ಹೀಗೆಯೇ ವರ್ಷವರ್ಷಕ್ಕೆ ಬದಲಾಗುತ್ತೇವೆ. ಕಾಲೇಜು ಮುಗಿಸಿದ ವರ್ಷದ ನನ್ನ ಮಾದರಿಗೆ ಬ್ರೇಕೇ ಇರಲಿಲ್ಲ, ಕೂದಲು ಇತ್ತು. ಸ್ವೀಡನ್ನಿಗೆ ರಫ್ತಾದ ಮಾದರಿಗೆ ಸ್ವೆಟರು ಬಂತು, ದನಿ ತಗ್ಗಿತು. ಈ ವರ್ಷದ ಮಾದರಿಯ ಬಗ್ಗೆ ಶೈಲಾಳ ಅಭಿಪ್ರಾಯ ಬೇರೆ: "ಹಾರನ್ ಕೆಟ್ಟಿದೆ, ಹ್ಯಾಂಡ್‌ಬ್ರೇಕ್ ಮಾತ್ರ ಯಾವಾಗ್ಲೂ ಆನ್."

ನಾವಿರುವ ಶೋವ್ಡೆ ಊರಿನಲ್ಲಿ ನಾನು ಕೆಲಸ ಮಾಡುವ ಎಂಜಿನ್ ಕಾರ್ಖಾನೆಯಲ್ಲೇ ಲೆನ್ನಾರ್ಟ್ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ನನ್ನದು ಗುಣಮಟ್ಟ ವಿಭಾಗ. ಅಲ್ಲಿ ಒಂದು ಬೋಲ್ಟು ಬಿಗಿಯಾಯಿತು ಎನ್ನಲು ಇಬ್ಬರ ಸಹಿ ಬೇಕು; ಸಹಿಯಿಲ್ಲದ ಬೋಲ್ಟನ್ನು ನಾನು ಸ್ವಂತ ತಮ್ಮ ತಂದರೂ ಒಪ್ಪುವವನಲ್ಲ. ಶನಿವಾರ ಲೆನ್ನಾರ್ಟ್ ಅವರ ಗ್ಯಾರೇಜಿಗೆ ಹೋದಾಗ ಮಾತ್ರ ಈ ಬುದ್ಧಿಯನ್ನು ಚಪ್ಪಲಿಯ ಜೊತೆ ಹೊರಗೇ ಬಿಡುತ್ತಿದ್ದೆ. ಅಲ್ಲಿ ನಾನು ಶಿಷ್ಯ. ಸ್ವೀಡಿಷರಲ್ಲಿ ಎಲ್ಲರಿಗೂ ನೀನು, ಎಲ್ಲರನ್ನೂ ಹೆಸರು ಹಿಡಿದೇ ಕರೆಯುವುದು. ನಾನೂ ಬಾಯಿಯಲ್ಲಿ "ಲೆನ್ನಾರ್ಟ್" ಎನ್ನುತ್ತೇನೆ. ಮನಸ್ಸಿನಲ್ಲಿ ಮಾತ್ರ ಪ್ರತಿ ಸಲವೂ ಅದಕ್ಕೊಂದು "ಅವರೇ" ಸೇರಿಕೊಳ್ಳುತ್ತದೆ.

ಅನಘಾ ಈ ವರ್ಷ ಶಾಲೆಯ ಕೊನೆಯ ತರಗತಿ ಮುಗಿಸಿದಳು. ಇಲ್ಲಿ ಅದೊಂದು ದೊಡ್ಡ ಹಬ್ಬ. ಮಕ್ಕಳು ಬಿಳಿ ಟೋಪಿ ಹಾಕಿಕೊಂಡು, ತೆರೆದ ವಾಹನಗಳಲ್ಲಿ ಕಿರುಚಿಕೊಂಡು ಊರು ಸುತ್ತುತ್ತಾರೆ. ಅವಳನ್ನು ತನ್ನ ಹಸಿರು ಕಾರಿನಲ್ಲೇ ಮೆರವಣಿಗೆ ಮಾಡುತ್ತೇನೆಂದು ಲೆನ್ನಾರ್ಟ್ ಚಳಿಗಾಲದಲ್ಲೇ ಘೋಷಿಸಿದ್ದರು. ಹಿಮ ಕರಗಿಸಲು ರಸ್ತೆಗೆ ಚೆಲ್ಲಿದ್ದ ಉಪ್ಪೆಲ್ಲ ಮಳೆಗೆ ತೊಳೆದುಹೋದ ಮೇಲೆ ಕಾರನ್ನು ಹೊರಗೆ ತೆಗೆಯಲು ಸಿದ್ಧಮಾಡಿದೆವು. ಚಕ್ರಗಳನ್ನು ಬಿಚ್ಚಿ, ಗ್ರೀಸು ಹಚ್ಚಿ, ಮತ್ತೆ ಜೋಡಿಸುವುದು. ಮೂರು ಚಕ್ರ ಅವರು ಕೂರಿಸಿ ಬಿಗಿಮಾಡಿದರು. ನಾಲ್ಕನೆಯದು, ಹಿಂದಿನ ಎಡದ್ದು, ನನಗೆ ಬಿಟ್ಟರು. ಶಿಷ್ಯನಿಗೆ ಗುರು ಕೊಟ್ಟ ಗೌರವ ಅದು. ನಾನು ಚಕ್ರ ಕೂರಿಸಿ, ನಟ್ಟನ್ನು ಕೈಯಿಂದ ತಿರುಗಿಸಿ, ಪಾನಾ ಸಿಕ್ಕಿಸಿ, ಸುತ್ತಿಗೆ ಎತ್ತಿಕೊಂಡೆ. ಆಗ ಮೂರು ಗಂಟೆಯಾಯಿತು.

ಸ್ವೀಡನ್ನಿನಲ್ಲಿ ಮೂರು ಗಂಟೆಯಾದರೆ ಫೀಕಾ. ಕಾಫಿ, ಜೊತೆಗೆ ದಾಲ್ಚಿನ್ನಿಯ ಬನ್ನು. ಇದು ಕಾಫಿ ಕುಡಿಯುವುದಷ್ಟೇ ಅಲ್ಲ, ಸಂಧ್ಯಾವಂದನೆಯಂಥದು, ಹೊತ್ತು ಮೀರಬಾರದು. "ಫೀಕಾ!" ಎಂದರು ಲೆನ್ನಾರ್ಟ್. ಹೊಡೆಯಬೇಕಾದ್ದು ನಾಲ್ಕು ಪೆಟ್ಟು. ಆದರೆ ಹಿರಿಯರು ಕೈತೊಳೆದು ಕಾಯುತ್ತಿರುವಾಗ ಟಂಗ್ ಟಂಗ್ ಎನ್ನುವುದು ನನಗೆ ಸರಿಕಾಣಲಿಲ್ಲ. ಸುತ್ತಿಗೆಯನ್ನು ಕಪಾಟಿನ ಮೇಲಿಟ್ಟೆ. ಮುಕ್ಕಾಲು ಗಂಟೆ ಕೂತು, ರಬ್ಬರ್ ಬಂಪರಿಗೆ ಬೈದು ಬಂದಾಗ ಪಾನಾವೂ ಸುತ್ತಿಗೆಯೂ ಗೋಡೆಯ ಮೊಳೆಯಲ್ಲಿ ತಮ್ಮ ಜಾಗಕ್ಕೆ ಸೇರಿದ್ದವು. ನಾನು ಒಳಗೆ ಕೈತೊಳೆಯುತ್ತಿದ್ದಾಗ ಲೆನ್ನಾರ್ಟ್ ಎತ್ತಿಟ್ಟಿದ್ದರು. ಅವರು ಹೊಡೆದೇ ಎತ್ತಿಟ್ಟಿದ್ದಾರೆ ಎಂದು ನಾನು ತಿಳಿದೆ. ನಾನು ಹೊಡೆದೇ ಕೆಳಗಿಟ್ಟಿದ್ದೇನೆ ಎಂದು ಅವರು ತಿಳಿದಿದ್ದರು. ಕೇಳಬಹುದಾಗಿತ್ತು. ಆದರೆ ಹಿರಿಯರು ಮಾಡಿದ ಕೆಲಸವನ್ನು "ಮಾಡಿದ್ದೀರಾ?" ಎಂದು ಕೇಳುವುದು ನಮ್ಮಲ್ಲಿ ಅವಿಧೇಯತೆ. ಒಬ್ಬ ಕಸುಬುದಾರ ಮುಗಿಸಿದ ಕೆಲಸವನ್ನು ಮತ್ತೆ ಮುಟ್ಟಿ ನೋಡುವುದು ಅವರಲ್ಲಿ ಅವಮಾನ. ಎರಡು ದೇಶಗಳ ಸಭ್ಯತೆ ಎರಡು ಕಡೆಯಿಂದ ಬಂದು ಆ ನಟ್ಟಿನ ಹತ್ತಿರ ಸಂಧಿಸಿ, ಅದನ್ನು ಸಡಿಲವಾಗಿಯೇ ಬಿಟ್ಟಿತು.

ಮರುವಾರ, ಮೆರವಣಿಗೆಗೆ ಮೊದಲು ಒಮ್ಮೆ ಓಡಿಸಿ ನೋಡೋಣವೆಂದು ಊರ ಬೆನ್ನಿಗಿರುವ ಬಿಲ್ಲಿಂಗೆನ್ ಗುಡ್ಡಕ್ಕೆ ಹೋದೆವು. ಹೋಗುವಾಗ ಏನೂ ಇಲ್ಲ. ಇಳಿಯುವಾಗ ಎರಡನೆಯ ತಿರುವಿನಲ್ಲಿ ಹಿಂದಿನ ಎಡ ಚಕ್ರ ಕೊಂಚ ಹೊರಕ್ಕೆ ವಾಲಿದಂತೆ ಕಂಡಿತು. ಬಿಸಿಲಿನ ಆಟ ಅಂದುಕೊಂಡೆ. ಮತ್ತೆ ವಾಲಿತು. ಹಾರನ್ ಒತ್ತಿದೆ. ಈ ದೇಶದಲ್ಲಿ ಯಾರೂ ಹಾರನ್ ಒತ್ತುವುದಿಲ್ಲ. ನಾನು ಖುಷಿಗೆ ಒತ್ತುತ್ತಿದ್ದೇನೆಂದು ಲೆನ್ನಾರ್ಟ್ ಹಿಂತಿರುಗದೆಯೇ ಕೈಯೆತ್ತಿ ಬೀಸಿದರು. ಅನಘಾಳೂ ಬೀಸಿದಳು. ಅವಳ ಕೈ ಮೇಲಿರುವಾಗಲೇ ಚಕ್ರ ಹೊರಬಂತು. ಕಾರಿಗಿಂತ ಮುಂದೆ ಹೋಯಿತು. ಅವಸರವಿಲ್ಲದೆ, ಬಹಳ ನೆಟ್ಟಗೆ, ಎದುರಿನ ಪಥವನ್ನು ಕೋನವಾಗಿ ದಾಟಿ, ಸಾಸಿವೆಯಂಥ ಹಳದಿ ಹೂವಿನ ಹೊಲಕ್ಕೆ ಇಳಿಯಿತು. ಕಾರಿನ ಹಿಂಭಾಗ ಕುಸಿದು ಟಾರಿನ ಮೇಲೆ ಕಿಡಿ ಹಾರಿಸುತ್ತಾ ಎಡಕ್ಕೆ, ಎದುರಿನ ಪಥಕ್ಕೆ, ಎಳೆಯಿತು. ಅಲ್ಲಿ ಮೇಲಕ್ಕೆ ಬರುತ್ತಿದ್ದ ದೊಡ್ಡ ಬಿಳಿ ವ್ಯಾನು. ಲೆನ್ನಾರ್ಟ್ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಬಲಕ್ಕೆ ಎಳೆದು ಹಿಡಿದರು. ನಡುಗೆರೆಯ ಮೇಲೆ ಕಾರು ನಿಂತಿತು. ವ್ಯಾನೂ ನಿಂತಿತು. ಎರಡರ ನಡುವೆ ಒಬ್ಬರು ನಡೆದು ಹೋಗುವಷ್ಟು ಜಾಗವಿತ್ತು.

ನಾನು ಓಡಿದೆ. ಅನಘಾ ಆಗಲೇ ಇಳಿದು ನಿಂತಿದ್ದಳು.

"ಪಪ್ಪಾ, ಐ ಆ್ಯಮ್ ಫೈನ್. ಫೈನ್! ನೀವು ಫಸ್ಟ್ ಉಸಿರಾಡಿ."

ಲೆನ್ನಾರ್ಟ್ ಇಳಿದಿರಲಿಲ್ಲ. "ನಾನು ಬಿಗಿ ಮಾಡ್ಲಿಲ್ಲ, ಗಿರಿ" ಎಂದರು. ಅವರು ಹೇಳಿದ್ದು ಇಂಗ್ಲಿಷಿನಲ್ಲಿ. ನನಗೆ ಈಗ ನೆನಪಾಗುವುದು ಕನ್ನಡದಲ್ಲಿ. "ಪಾನಾ ಎತ್ತಿಟ್ಟೋನು ನಾನೇ, ಕೊನೇ ಪೆಟ್ಟು ನಾನು ಹೊಡೀಬೇಕಿತ್ತು, ಮರ್ತುಬಿಟ್ಟೆ. ನಮ್ಮಪ್ಪನಿಗೂ ಹೀಗೇ ಶುರುವಾಗಿದ್ದು."

ಆ ಕ್ಷಣಕ್ಕೆ ನನಗೆ ಗ್ಯಾರೇಜಿನ ಕಪಾಟು, ಅದರ ಮೇಲೆ ನಾನಿಟ್ಟ ಸುತ್ತಿಗೆ ಸ್ಪಷ್ಟವಾಗಿ ಕಂಡವು. ಬಾಯಿ ತೆರೆದೆ. ಬಂದ ಮಾತು: "ಇಟ್ಸ್ ಓಕೆ, ಲೆನ್ನಾರ್ಟ್." ನನ್ನ ತಪ್ಪಿಗೆ ಅವರನ್ನು ಕ್ಷಮಿಸಿಬಿಟ್ಟೆ.

ಮಗಳು ಮೆರವಣಿಗೆಯ ದಿನ ಸಹಪಾಠಿಗಳ ಜೊತೆ ಲಾರಿಯಲ್ಲಿ ಹೋದಳು. ಲೆನ್ನಾರ್ಟ್ ಊಟಕ್ಕೆ ಬರಲಿಲ್ಲ, ಹೂವು ಕಳಿಸಿದರು. ಅಂದಿನಿಂದ ನನ್ನ ತಲೆಯೊಳಗೆ ಆ ತಿರುವು ಮುಗಿಯುತ್ತಿಲ್ಲ. ಮೀಟಿಂಗಿನಲ್ಲಿ ಯಾರೋ ಪರದೆಯ ಮೇಲೆ ಗೆರೆ ತೋರಿಸುತ್ತಿದ್ದರೆ ನನಗೆ ನಡುಗೆರೆ ಕಾಣುತ್ತದೆ. ಅನ್ನಕ್ಕೆ ತುಪ್ಪ ಹಾಕುವಾಗ ಚಕ್ರ ಹೊಲಕ್ಕೆ ಇಳಿಯುತ್ತದೆ. ದಣಿವು ಎಂದರೆ ಕೆಲಸದಿಂದ ಬರುವುದು ಎಂದುಕೊಂಡಿದ್ದೆ. ಮುಗಿದುಹೋದದ್ದನ್ನು ದಿನಕ್ಕೆ ಇಪ್ಪತ್ತು ಸಲ ತಡೆಯಲು ಹೊರಡುವುದೂ ಒಂದು ಕೂಲಿ.

"ರೀ, ಎಷ್ಟು ಸಲ ಅದೇ ವಿಡಿಯೋ ಪ್ಲೇ ಮಾಡ್ತೀರಿ?" ಎಂದಳು ಶೈಲಾ.

"ಎಂಡಿಂಗ್ ಚೇಂಜ್ ಆಗತ್ತೇನೋ ಅಂತ."

"ಇರೋ ಎಂಡಿಂಗ್ ಒಳ್ಳೇದೇ ಇದೆ. ಚೇಂಜ್ ಆದ್ರೆ ಕೆಟ್ಟದ್ದಾಗೇ ಆಗೋದು. ಬಿಡಿ."

ಅವಳಿಗೂ ನಾನು ಸುತ್ತಿಗೆಯ ವಿಷಯ ಹೇಳಿರಲಿಲ್ಲ. ದಿನ ಕಳೆದಂತೆ ಹೇಳುವುದು ಸುಲಭವಾಗುತ್ತದೆ ಎಂದು ಭಾವಿಸಿದ್ದೆ. ಮೊದಲ ದಿನ ಹೇಳಿದ್ದರೆ ಒಂದು ತಪ್ಪು. ಎರಡನೆಯ ದಿನಕ್ಕೆ ಎರಡಾದವು. ಜುಲೈ ಕೊನೆಯಲ್ಲಿ ಒಂದು ಸಂಜೆ ಅನಘಾ ಫೋನು ಹಿಡಿದುಕೊಂಡು ಅಡುಗೆಮನೆಗೆ ಬಂದಳು.

"ಪಪ್ಪಾ, ಲೆನ್ನಾರ್ಟ್ ಕಾರ್ ಸೇಲ್‌ಗೆ ಹಾಕಿದಾರೆ. ಹೆಲ್ಸಿಂಗ್‌ಬೋರ್ಯ್‌ನಿಂದ ಯಾರೋ ಸ್ಯಾಟರ್ಡೇ ನೋಡಕ್ಕೆ ಬರ್ತಾರಂತೆ. ಲೈಸೆನ್ಸೂ ವಾಪಸ್ ಕೊಡ್ತಾರಂತೆ, ಅವರಾಗೇ! ಇದು ಓದಿ."

ಜಾಹೀರಾತಿನಲ್ಲಿ ಕಾರಿನ ಗುಣಗಳೆಲ್ಲ ವರ್ಷದ ಸಮೇತ ಇದ್ದವು. ಕೊನೆಗೆ ಒಂದು ಸಾಲು: 'ಮಾಲೀಕನ ನೆನಪು ಮೊದಲಿನಂತಿಲ್ಲ. ಅವನು ಮಾಡಿದ ಕೆಲಸವನ್ನೆಲ್ಲ ದಯವಿಟ್ಟು ಪರೀಕ್ಷಿಸಿಕೊಳ್ಳಿ.'

"ಹಿ ಈಸ್ ನಾಟ್ ಸೆನೈಲ್, ಪಪ್ಪಾ. ನನ್ನ ಕೆಮಿಸ್ಟ್ರಿ ಮಾರ್ಕ್ಸ್ ಕೂಡ ಅವರಿಗೆ ನೆನಪಿದೆ. ನಿಮಗೆ ಇದೆಯಾ?"

ಇರಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ನಮ್ಮ ಮನೆಯಿಂದ ಅವರ ಮನೆಗೆ ಎರಡು ಬೇಲಿ. ಲೆನ್ನಾರ್ಟ್ ಗ್ಯಾರೇಜಿನಲ್ಲಿ, ರಿಪೇರಿಯಾಗಿ ಬಂದಿದ್ದ ಕಾರಿಗೆ ಮೇಣ ತಿಕ್ಕುತ್ತಿದ್ದರು, ಮಗಳನ್ನು ಬೇರೆಯವರ ಮನೆಗೆ ಕಳಿಸುವ ಮುನ್ನ ತಲೆ ಬಾಚುವಂತೆ. ನಾನು ಪೀಠಿಕೆ ಹಾಕಲಿಲ್ಲ. ಹಾಕಿದ್ದರೆ ಪೀಠಿಕೆಯಲ್ಲೇ ಮುಗಿಸಿ ಬರುತ್ತಿದ್ದೆ. ಚಕ್ರ ನನ್ನದಾಗಿತ್ತು, ಸುತ್ತಿಗೆ ನಾನೇ ಕೆಳಗಿಟ್ಟೆ, ಹೊಡೆಯಲಿಲ್ಲ, ನೀವು ಏನನ್ನೂ ಮರೆತಿಲ್ಲ ಎಂದೆ.

ಅವರು ಬಟ್ಟೆಯನ್ನು ಮಡಿಸಿದರು. ಮತ್ತೆ ಮಡಿಸಿದರು.

"ಯಾವಾಗಿಂದ ಗೊತ್ತು ನಿನಗೆ?"

"ರಸ್ತೆ ಮೇಲೇ ಗೊತ್ತಾಯ್ತು."

"ಎಂಟು ವಾರ" ಎಂದರು. ದನಿ ಏರಲಿಲ್ಲ, ಇಲ್ಲಿಯವರ ದನಿ ಏರುವುದಿಲ್ಲ. ಕಿವಿ ಮಾತ್ರ ಕೆಂಪಾಯಿತು. "ದಿನಾ ಬೆಳಿಗ್ಗೆ ಎದ್ದು ಇಲ್ಲಿಂದ ಸ್ಟಾಕ್‌ಹೋಮ್‌ವರೆಗಿನ ರೈಲ್ವೆ ಸ್ಟೇಷನ್ ಹೆಸರೆಲ್ಲ ವರಸೆಯಾಗಿ ಹೇಳ್ಕೋತಿದ್ದೆ, ತಲೆ ಸರಿಯಿದೆಯಾ ಅಂತ ನೋಡಕ್ಕೆ. ಒಂದು ತಪ್ಪಿದ್ರೆ ಅವತ್ತು ಊಟ ಸೇರ್ತಿರ್ಲಿಲ್ಲ. ಒಂದು ನಟ್ಟು ಬಿಟ್ಟೆ, ಸರಿ. ಯಾರಾದ್ರೂ ಬಿಡ್ತಾರೆ. ಆದ್ರೆ ನನ್ನ ತಲೆ ಬಗ್ಗೆ ನಾನೇ ಹೆದರೋ ಹಾಗೆ ಬಿಟ್ಟೆಯಲ್ಲ, ಅದು ಯಾರೂ ಮಾಡಲ್ಲ. ಈಗ ಮನೆಗೆ ಹೋಗು."

ಹೋದೆ. ಶೈಲಾಳಿಗೆ ಎಲ್ಲ ಹೇಳಿದೆ. ಅವಳು "ನಂಗೂ ಹೇಳ್ಲಿಲ್ಲ ನೀವು" ಎಂದಳಷ್ಟೇ. ಹಗುರಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ದಣಿವು ಹಾಗೆಯೇ ಇತ್ತು. ಆದರೆ ಅದರೊಳಗೆ ಅವಿತುಕೊಂಡು ಕೂತಿದ್ದ ಯಾರೋ ಎದ್ದುಹೋಗಿದ್ದರು.

ಎರಡು ದಿನ ಲೆನ್ನಾರ್ಟ್ ಅವರ ಗ್ಯಾರೇಜು ಮುಚ್ಚಿಯೇ ಇತ್ತು. ಶನಿವಾರ ಬೆಳಿಗ್ಗೆ ಲೆನ್ನಾರ್ಟ್ ಫೋನು ಮಾಡಿದರು. "ಹೆಲ್ಸಿಂಗ್‌ಬೋರ್ಯ್‌ನವರಿಗೆ ಬರಬೇಡಿ ಅಂದೆ. ನೀನು ಬಾ. ಹಳೇ ಪ್ಯಾಂಟ್ ಹಾಕ್ಕೊಂಡು ಬಾ."

ನಾಲ್ಕೂ ಚಕ್ರಗಳನ್ನು ನನ್ನಿಂದಲೇ ಬಿಚ್ಚಿಸಿದರು, ನನ್ನಿಂದಲೇ ಹಾಕಿಸಿದರು. ಪ್ರತಿಯೊಂದಕ್ಕೂ ನಾನು ಹೊಡೆದ ಮೇಲೆ ಸುತ್ತಿಗೆ ಕಸಿದುಕೊಂಡು ತಾವೂ ಒಂದು ಪೆಟ್ಟು ಹೊಡೆದರು. ಕೊನೆಯದಕ್ಕೆ ನಾನು ಅವರ ಕೈಯಿಂದ ಸುತ್ತಿಗೆ ತೆಗೆದುಕೊಂಡು, ಅವರ ಪೆಟ್ಟನ್ನೂ ಪರೀಕ್ಷಿಸಿದೆ. ಹುಬ್ಬೇರಿಸಿ ನೋಡಿದರು. ಬೈಯಲಿಲ್ಲ. "ಕೂತ್ಕೋ" ಎಂದು ಪಕ್ಕದ ಸೀಟು ತೋರಿಸಿದರು. ಬೇಡ ಎನ್ನಲು ಮನಸ್ಸು ತುದಿಗಾಲಲ್ಲಿ ನಿಂತಿತ್ತು. ಕೂತೆ.

ಗುಡ್ಡ ಹತ್ತಿದೆವು, ಇಳಿಯತೊಡಗಿದೆವು. ಎರಡನೆಯ ತಿರುವು ಬರುವ ಮುನ್ನ ನನ್ನ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಲೆನ್ನಾರ್ಟ್ ಅದನ್ನು ನೋಡಿದರೋ ಏನೋ, ತಮಗೆ ತಾವೇ ಎಂಬಂತೆ ನಿಲ್ದಾಣಗಳನ್ನು ಹೇಳಿಕೊಳ್ಳತೊಡಗಿದರು.

"ತೋರೆಬೂಡ. ಹಾಲ್ಸ್‌ಬೆರ್ಯ್. ಕತ್ರಿನೆಹೋಲ್ಮ್..."

ಆ ರೈಲಿನಲ್ಲಿ ನಾನೂ ಓಡಾಡಿದ್ದೇನೆ. ಒಂದು ಬಿಟ್ಟುಹೋಗಿತ್ತು. ಸುಮ್ಮನಿರುವುದೇ ಮರ್ಯಾದೆ ಎಂದು ಒಳಗಿನ ಹಳೆಯ ಮಾದರಿ ಹೇಳಿತು.

"ಲಾಕ್ಸೋ" ಎಂದೆ.

ಅವರು ಗೇರು ಬದಲಿಸಿದರು.

"ಹೌದಲ್ಲ, ಲಾಕ್ಸೋ" ಎಂದರು. ಎಪ್ಪತ್ತೆಂಟು ವರ್ಷದ ಮನುಷ್ಯ ಒಂದು ನಿಲ್ದಾಣ ಮರೆತು, ಅದರಿಂದ ಏನೂ ಆಗದೆ, ತಿರುವು ದಾಟಿ ಮುಂದಿನದಕ್ಕೆ ಹೋದರು.